ಎರಡಕ್ಷರ ಒತ್ತಿದರೆ ಸಾಕು

ಅರಕಲಗೂಡಿನ ಕೋಟೆ ಬೀದಿಯಲ್ಲಿ ಚೂಡಾಮಣಿಯವರ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಬೋರ್ಡು ಇದ್ದದ್ದು ಹೆಸರಿಗೆ ಮಾತ್ರ. ತಿರುವಿಗೆ ಬಂದವರನ್ನು ಮಷೀನುಗಳ ಸದ್ದೇ ಮನೆಯವರೆಗೆ ಕರೆದುಕೊಂಡು ಹೋಗುತ್ತಿತ್ತು. ಮುಂದಿನ ಹಜಾರದಲ್ಲಿ ಸಾಲಾಗಿ ಟೈಪ್‌ರೈಟರುಗಳು, ಮೇಲೆ ಕಿರುಗುಟ್ಟುವ ಒಂದು ಫ್ಯಾನು, ಸಾಲಿನ ಹಿಂದೆ ಕೈಕಟ್ಟಿಕೊಂಡು ಓಡಾಡುವ ಚೂಡಾಮಣಿ. ಯಾರ ಕೈಯನ್ನೂ ನೋಡದೆ ಬರೀ ಸದ್ದಿನಲ್ಲೇ ತಪ್ಪು ಹಿಡಿಯುತ್ತಿದ್ದರು. "ಏಯ್, ಕಿರುಬೆರಳು ಇರೋದು ಯಾತಕ್ಕೆ? ಉಂಗುರದ ಬೆರಳಲ್ಲಿ ಯಾಕೆ ಒತ್ತಿದೆ?" ಎಂದರೆ ಹುಡುಗರು ಬೆಚ್ಚಿಬೀಳುತ್ತಿದ್ದರು. ಕಣ್ಣು ಕಾಗದದ ಮೇಲಿರಬೇಕು, ಬೆರಳು ತನ್ನ ದಾರಿ ತಾನು ನೋಡಿಕೊಳ್ಳಬೇಕು. ಕೀ ನೋಡಿ ಒತ್ತುವವರನ್ನು ಕಂಡರೆ ಅವರಿಗಾಗದು. ಗಂಡ ಪಟ್ಟಾಭಿರಾಮ ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ಮೇಷ್ಟರು. ಬೆಳಗಿನ ಬಸ್ಸಿಗೆ ಹೋದರೆ ಬರುವುದು ಸಂಜೆಗೆ. ಮನೆಯ ಆಡಳಿತ ಅತ್ತೆ ಅನಸೂಯಮ್ಮನವರದು, ಹಜಾರದ ಆಡಳಿತ ಸೊಸೆಯದು ಎಂದು ಬೀದಿಯವರೆಲ್ಲ ತಿಳಿದಿದ್ದರು.

ತೊಂಬತ್ತನಾಲ್ಕರಲ್ಲಿ ಒಂದು ಬೆಳಗ್ಗೆ ಮಲ್ಲಿಪಟ್ಟಣದಿಂದ ಬೆಟ್ಟಮ್ಮ ಎಂಬ ಕೂಲಿಯಾಕೆ ಮಗಳನ್ನು ಕರೆದುಕೊಂಡು ಬಂದಳು. ಮೆಟ್ಟಿಲ ಕೆಳಗೇ ನಿಂತು ಮಾತಾಡಿದಳು.

"ಪಿಯುಸಿ ಮುಗ್ಸವಳೆ ಕಣವ್ವ. ಯಶೋಧರಾ ಅಂತ. ನನ್ನಂಗೆ ಆಲೂಗೆಡ್ಡೆ ಹೊಲ್ದಲ್ಲಿ ಬಗ್ಗಿ ಬಗ್ಗಿ ಸೊಂಟ ಬೀಳಾದು ಬ್ಯಾಡ. ಒಂದ್ ಚೂರು ಕೈಕೆಲ್ಸ ಕಲಿಸ್ಕೊಡಿ."

ಚೂಡಾಮಣಿ ಹುಡುಗಿಯ ಕೈ ನೋಡಿದರು. ನೀಳವಾದ, ಗಟ್ಟಿ ಬೆರಳುಗಳು. ಟೈಪಿಂಗಿಗೆ ಹೇಳಿ ಮಾಡಿಸಿದಂತಿದ್ದವು. "ನಾಳೆಯಿಂದ ಬರಲಿ" ಎಂದರು.

ಸಂಜೆ ಅನಸೂಯಮ್ಮ ಹೂಬತ್ತಿ ಹೊಸೆಯುತ್ತ ಕೂತವರು ಕೇಳಿದರು, "ಬೆಳಗ್ಗೆ ಬಂದಿದ್ದೋರು ಯಾರ ಪೈಕಿ?"

"ಮಲ್ಲಿಪಟ್ಟಣದವರು."

"ನಾನು ಊರು ಕೇಳಲಿಲ್ಲ."

ಚೂಡಾಮಣಿ ಹೇಳಿದರು. ಅತ್ತೆ ಸಿಟ್ಟಾಗಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಕಲಿಸಬೇಡ ಅಂತ ನಾನು ಹೇಳ್ತಿಲ್ಲ ಕಣೇ. ಹಜಾರದ ಎದುರಿಗೇ ದೇವರ ಮನೆ. ಜಗಲಿ ಮೇಲೆ ಒಂದು ಮಷೀನು ಹಾಕು. ಅವಳೂ ಕಲಿಯಲಿ, ನಮಗೂ ತೊಂದರೆ ಇಲ್ಲ."

ಮಷೀನುಗಳು ಚೂಡಾಮಣಿಯವರ ತವರಿನವರು ಕೊಡಿಸಿದ್ದವು. ಪರವಾನಗಿ ಅವರ ಹೆಸರಿನಲ್ಲಿತ್ತು. ಆಗುವುದಿಲ್ಲ ಎಂದಿದ್ದರೆ ಹೆಚ್ಚೆಂದರೆ ನಾಲ್ಕು ದಿನ ಅತ್ತೆ ಮಾತು ಬಿಡುತ್ತಿದ್ದರು. ಮಾರನೆಯ ದಿನ ಹುಡುಗಿ ಬರುವಷ್ಟರಲ್ಲಿ ಹಳೆಯದೊಂದು ಮಷೀನು ಜಗಲಿಯ ಮೂಲೆಯಲ್ಲಿ, ಕಾಲು ಅಲ್ಲಾಡುವ ಮೇಜಿನ ಮೇಲೆ ಕೂತಿತ್ತು.

"ನಿನಗೆ ಇಲ್ಲಿ ಹಾಕಿದೀನಿ" ಎಂದರು ಚೂಡಾಮಣಿ. "ಗಾಳಿ ಬೆಳಕು ಚೆನ್ನಾಗಿರುತ್ತೆ."

ಹುಡುಗಿ ಅವರ ಭುಜದಾಚೆಗೆ ಕಣ್ಣು ಹಾಯಿಸಿದಳು. ಒಳಗೆ ಫ್ಯಾನಿನ ಕೆಳಗೆ ಎರಡು ಕುರ್ಚಿ ಖಾಲಿಯಿದ್ದವು. "ಆಯ್ತು ಮೇಡಂ" ಎಂದು ಕೂತಳು. ಜೂನಿಯರ್ ಪಾಸು ಮಾಡಿದಳು, ಸೀನಿಯರ್ ಪಾಸು ಮಾಡಿದಳು, ಹೇಳಿ ಹೋದಳು. ಮಷೀನು ಮತ್ತೆ ಒಳಗೆ ಬಂತು.

ಆಮೇಲೆ ಕಾಲ ಉರುಳಿದ್ದು ಬೇಗ. ಊರಿಗೆ ಕಂಪ್ಯೂಟರ್ ತರಗತಿಗಳು ಬಂದವು. ಫ್ಯಾನಿನ ಕೆಳಗಿನ ಕುರ್ಚಿಗಳು ಒಂದೊಂದಾಗಿ ಖಾಲಿಯಾದವು. ಟೈಪಿಂಗ್ ಕಲಿಯಲು ಕೊನೆಗೆ ಬಂದ ಹುಡುಗನೂ ಅರ್ಧಕ್ಕೆ ಬಿಟ್ಟ ಮೇಲೆ ಚೂಡಾಮಣಿ ಮಷೀನುಗಳಿಗೆ ಮುಸುಕು ಹಾಕಿ ಬಾಗಿಲು ಮುಚ್ಚಿದರು. ಮನೆಯಲ್ಲಿ ಸುಮ್ಮನೆ ಕೂತರೆ ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ಅಕ್ಕಿ ಆರಿಸುವಾಗ, ಸೀರೆಯ ಸೆರಗಿನ ಮೇಲೆ, ಬಸ್ಸಿನ ಕಿಟಕಿಯ ಸರಳಿನ ಮೇಲೆ, ಕೇಳಿದ ಮಾತನ್ನೆಲ್ಲ ಅವು ಹೊಡೆಯುತ್ತಲೇ ಇರುತ್ತಿದ್ದವು. ಹೀಗಿರುವಾಗ, ಎರಡು ಸಾವಿರದ ಆರರಲ್ಲಿ, ಹಾಸನದ ಪತ್ರಿಕೆಯಲ್ಲಿ ಒಂದು ಸಣ್ಣ ಜಾಹೀರಾತು ಕಂಡಿತು. ಕೋರ್ಟಿನ ಹಿಂದಿನ ರಸ್ತೆಯ 'ಬೆಳಗು ಡಿಟಿಪಿ'ಗೆ ಕನ್ನಡ, ಇಂಗ್ಲಿಷು ಎರಡರಲ್ಲೂ ಬೇಗ ಟೈಪ್ ಮಾಡಬಲ್ಲವರು ಬೇಕಾಗಿದ್ದರು.

ಅಲ್ಲಿಗೆ ಹೋಗಿ ಗಾಜಿನ ಬಾಗಿಲು ತಳ್ಳಿದಾಗ, ಒಳಗಿನ ಮೇಜಿನಿಂದ ಒಬ್ಬಾಕೆ ತಟ್ಟನೆ ಎದ್ದು ನಿಂತಳು. ಗಂಜಿ ಹಾಕಿದ ಕಾಟನ್ ಸೀರೆ, ಕೊರಳಲ್ಲಿ ನೇತುಬಿಟ್ಟ ಕನ್ನಡಕ. ಹಿಂದಿನ ಗೋಡೆಯ ಮೇಲೆ ಬುದ್ಧನ ಪಟ.

"ಬನ್ನಿ ಮೇಡಂ."

ಮೇಡಂ ಎಂದ ಆ ದನಿಯಿಂದಲೇ ಗುರುತು ಸಿಕ್ಕಿತು. ಚೂಡಾಮಣಿಗೆ ಹಿಂದಕ್ಕೆ ತಿರುಗಿ ಹೋಗಿಬಿಡೋಣ ಅನ್ನಿಸಿತು. ಬಾಗಿಲು ಆಗಲೇ ಮುಚ್ಚಿಕೊಂಡಿತ್ತು.

ಅಂಗಡಿ ಯಶೋಧರಾಳದೇ. ಅವಳು ಹಳೆಯದೇನನ್ನೂ ಎತ್ತಲಿಲ್ಲ. ಒಂದು ಕಂಪ್ಯೂಟರಿನ ಮುಂದೆ ಕೂರಿಸಿದಳು. ಖಾಲಿ ಪುಟ ತೆರೆದೇ ಇತ್ತು. ವಕೀಲರೊಬ್ಬರ ಗೀಚು ಬರಹದ ಅರ್ಜಿ ಪಕ್ಕದಲ್ಲಿಟ್ಟು, "ನಿಧಾನವಾಗಿ ಮಾಡಿ" ಎಂದಳು. ಚೂಡಾಮಣಿಯವರಿಗೆ ನಿಧಾನ ಗೊತ್ತಿರಲಿಲ್ಲ. ಆ ಮೆತ್ತನೆಯ ಕೀಗಳ ಮೇಲೆ ಬೆರಳುಗಳು ಬಹುದಿನಗಳ ಮೇಲೆ ಮನೆಗೆ ಬಂದಂತೆ ಓಡಿದವು. ಲಗ್ನಪತ್ರಿಕೆ ಡಿಸೈನ್ ಮಾಡುತ್ತಿದ್ದ ಕೇದಾರ್ ಎಂಬ ಹುಡುಗ ತನ್ನ ಕೆಲಸ ಬಿಟ್ಟು ಎದ್ದು ಬಂದು ನೋಡಿದ.

"ಸೋಮವಾರದಿಂದ ಬರ್ತೀರಾ ಮೇಡಂ?" ಎಂದಳು ಯಶೋಧರಾ.

ಬರ್ತೀನಿ ಅನ್ನುವುದು ಸುಲಭವಿತ್ತು. ನೀನು ಅನ್ನಬೇಕೋ ನೀವು ಅನ್ನಬೇಕೋ ಎಂಬುದು ಮಾತ್ರ ಬಗೆಹರಿಯಲಿಲ್ಲ. ಎರಡೂ ಬಾಯಿಗೆ ಬರದೆ, ಎರಡೂ ಬೇಡದ ಹಾಗೆ ಮಾತು ಜೋಡಿಸಿಕೊಂಡೇ ಅವರು ಅಲ್ಲಿ ದಿನ ತಳ್ಳತೊಡಗಿದರು.

ಕೆಲಸಕ್ಕೆ ಸೇರಿದ ಮೊದಲ ದಿನವೇ ಇನ್ನೊಂದು ಸಂಗತಿ ಗೊತ್ತಾಯಿತು. ಪುಟ ತೆರೆದುಕೊಟ್ಟರೆ ತುಂಬಿಸಬಲ್ಲರು, ತೆರೆಯಲು ಮಾತ್ರ ಬಾರದು. ಮೌಸನ್ನು ಹಿಡಿದರೆ ಬಾಣದ ಗುರುತು ಸ್ಕ್ರೀನಿನ ಅಂಚಿಗೆ ಓಡಿ ಮಾಯವಾಗುತ್ತಿತ್ತು. ಎರಡು ಸಲ ಬೇಗ ಬೇಗ ಒತ್ತಬೇಕಾದ ಕಡೆ ಅವರು ಒತ್ತಿದ್ದರ ನಡುವೆ ಬಿಡುವು ಹೆಚ್ಚಾಗಿ, ತೆರೆಯುವ ಬದಲು ಪ್ರೋಗ್ರಾಮಿನ ಪುಟ್ಟ ಚಿತ್ರದ ಹೆಸರೇ ತಿದ್ದಲು ಸಿದ್ಧವಾಗಿ ನಿಲ್ಲುತ್ತಿತ್ತು. ಗೊತ್ತಾಗದೆ ಟೈಪ್ ಮಾಡಿದರೆ ಹೆಸರೇ ಬದಲಾಗುತ್ತಿತ್ತು. ಕೇದಾರ್ ಒಂದು ದಿನ "ಇದ್ಯಾವುದು ಮೇಡಂ, 'ಘನ ನ್ಯಾಯಾಲಯ' ಅಂತ ಹೊಸ ಪ್ರೋಗ್ರಾಮು?" ಎಂದು ನಕ್ಕ. ಅವರೂ ನಕ್ಕರು. ಕಿವಿಯ ತುದಿ ಸುಡುತ್ತಿತ್ತು. ಜೀವಮಾನವೆಲ್ಲ ಬೇರೆಯವರ ಬೆರಳನ್ನು ತಿದ್ದಿದವರು, ಈಗ ಒಂದು ಬೆರಳು ಎರಡು ಸಲ ಒತ್ತಲಾರದೆ ಕೂತಿದ್ದರು. ಯಾರೂ ನೋಡದಿರುವಾಗ ಮೌಸ್ ಹಿಡಿದು ಒದ್ದಾಡುವುದು, ಯಾರಾದರೂ ಬಂದರೆ ಕನ್ನಡಕ ಒರೆಸುವ ನೆಪ ಮಾಡುವುದು. ಕಲಿಸಿಕೊಡಿ ಎಂದು ಕೇಳಬಹುದಿತ್ತು. ಯಾರನ್ನು ಕೇಳುವುದು? ಜಗಲಿಯಲ್ಲಿ ಕೂರಿಸಿದವಳನ್ನೇ?

ಒಂದು ದಿನ ಚನ್ನರಾಯಪಟ್ಟಣದ ವಕೀಲ ಷಡಕ್ಷರಿಯವರು ಬೆಳಗ್ಗೆಯೇ ಬಂದರು. ಅಂದೇ ಕೋರ್ಟಿಗೆ ಸಲ್ಲಿಸಬೇಕಾದ ಕಾಗದಗಳು. ಹಿಂದಿನ ದಿನ ಟೈಪಾಗಿದ್ದ ಫೋಲ್ಡರು ಕಂಪ್ಯೂಟರಿನಲ್ಲಿರಲಿಲ್ಲ.

"ಏನ್ರೀ ಇದು! ನಿಮ್ಮನ್ನ ನಂಬಿ ಕಕ್ಷಿದಾರನ್ನ ಕರ್ಕೊಂಡು ಬಂದಿದೀನಿ. ಆಟ ಆಡ್ತಿದೀರೇನ್ರೀ?" ಎಂದು ಅಂಗಡಿಯೆಲ್ಲ ಕೇಳುವಂತೆ ಕೂಗಾಡಿದರು.

"ಕೇದಾರ್, ಬೆಳಗ್ಗೆ ಆ ಮಷೀನಲ್ಲಿ ಯಾರು ಕೂತಿದ್ದು?" ಎಂದಳು ಯಶೋಧರಾ.

"ನಾನು ಪ್ರಿಂಟ್ ತೆಗೆಯಕ್ಕೆ ಕೂತಿದ್ದೆ ಅಕ್ಕ. ಆದ್ರೆ ಅದನ್ನ ಮುಟ್ಟೇ ಇಲ್ಲ, ಆಣೆಗೂ."

"ಮುಟ್ಟದೇ ಕಾಲು ಬಂದು ಓಡಿಹೋಯ್ತೇನಪ್ಪ?" ಎಂದರು ವಕೀಲರು.

ಚೂಡಾಮಣಿಗೆ ಗೊತ್ತಿತ್ತು. ಹಿಂದಿನ ಸಂಜೆ ಬಾಣ ಹಿಡಿತಕ್ಕೆ ಸಿಗದೆ ಮೌಸನ್ನು ಎಳೆದಾಡಿದಾಗ ಏನೋ ಒಂದು ಎಲ್ಲಿಗೋ ಜಾರಿದ್ದನ್ನು ಅವರು ಕಂಡಿದ್ದರು. ಎಲ್ಲಿಗೆ ಎಂದು ತಿಳಿಯದೆ ಹಾಗೇ ಎದ್ದು ಬಸ್ಸು ಹಿಡಿದಿದ್ದರು. ನಾನು ಎಂಬ ಒಂದು ಮಾತು ಸಾಕಿತ್ತು. ಅವರ ಕಣ್ಣು ಕಾಗದದ ಮೇಲೆಯೇ ಇತ್ತು, ಬೆರಳು ಓಡುತ್ತಲೇ ಇತ್ತು. ಏನು ಹೊಡೆಯುತ್ತಿದ್ದರೋ ದೇವರೇ ಬಲ್ಲ.

ಯಶೋಧರಾ ಚೂಡಾಮಣಿಯವರನ್ನು ಎಬ್ಬಿಸಿ ಅವರ ಜಾಗದಲ್ಲಿ ಕೂತು ಹುಡುಕಿದಳು. ಷಡಕ್ಷರಿಯವರ ದಾವೆ ಲಗ್ನಪತ್ರಿಕೆಗಳ ಫೋಲ್ಡರಿನೊಳಗೆ ಹೋಗಿ ಕೂತಿತ್ತು. ಪ್ರಿಂಟು ತೆಗೆದು ಕೊಟ್ಟು ಕಳಿಸಿದಳು. ಏಳುವಾಗ ಮೌಸಿನಿಂದ ಕೈ ತೆಗೆದು ಅಂಗೈ ನೋಡಿಕೊಂಡಳು. ಮೌಸಿಗೆ ಅಂಟಿದ್ದ ಬೇರೆಯವರ ಬೆವರಿನಿಂದ ಅದು ಒದ್ದೆಯಾಗಿತ್ತು. ಚೂಡಾಮಣಿಯವರ ಕಡೆ ಒಮ್ಮೆ ನೋಡಿ ತನ್ನ ಜಾಗಕ್ಕೆ ಹೋದಳು.

ಮಾರನೆಯ ಬೆಳಗ್ಗೆ ಚೂಡಾಮಣಿ ಬಸ್ಸಿಳಿದು ಬರುವಾಗಲೇ ಯಶೋಧರಾ ಅವರ ಕಂಪ್ಯೂಟರಿನಲ್ಲಿ ಏನೋ ಮಾಡುತ್ತಿದ್ದಳು. ಕೆಲಸದಿಂದ ಬಿಡಿಸುತ್ತಾಳೆ ಎಂದುಕೊಂಡರು. ಒಂದು ಬಗೆಯಲ್ಲಿ ಹಾಯೆನಿಸಿತು.

"ಕೂತ್ಕೊಳಿ ಮೇಡಂ" ಎಂದು ಜಾಗ ಬಿಟ್ಟು, ಮೌಸನ್ನು ಎತ್ತಿ ಮಾನಿಟರಿನ ಹಿಂದಕ್ಕೆ ಹಾಕಿದಳು. "ಇದರ ಸಹವಾಸ ಬೇಡ ನಿಮಗೆ. ಎಡಗೈ ಹೆಬ್ಬೆರಳಲ್ಲಿ ಆಲ್ಟ್ ಒತ್ತಿ ಹಿಡ್ಕೊಳಿ. ಹಾಂ. ಈಗ ಬಲಗೈ ಹೆಬ್ಬೆರಳಲ್ಲಿ ಸ್ಪೇಸ್."

ಒತ್ತಿದರು. ಸ್ಕ್ರೀನಿನ ನಟ್ಟನಡುವೆ ಕಪ್ಪನೆಯ ಸಣ್ಣ ಪಟ್ಟಿಯೊಂದು ಮೂಡಿತು. ಅದರೊಳಗೆ ಗೆರೆಯೊಂದು ಮಿಣುಕುತ್ತ ಕಾಯುತ್ತಿತ್ತು.

"ನಿಮಗೆ ಏನು ಬೇಕೋ ಅದರ ಹೆಸರು ಹೊಡೀರಿ. ವರ್ಡ್ ಬೇಕಾ? ಡಬ್ಲ್ಯೂ, ಓ..."

ಎರಡು ಅಕ್ಷರ ಬೀಳುವುದರೊಳಗೆ ಕೆಳಗೆ ಪೂರ್ತಿ ಹೆಸರು ಕಾಣಿಸಿಕೊಂಡಿತು.

"ಇನ್ನೂ ಹೊಡೆದೇ ಇಲ್ಲವಲ್ಲ!"

"ಎರಡಕ್ಷರ ಒತ್ತಿದರೆ ಸಾಕು ಮೇಡಂ, ಅದಕ್ಕೆ ಗೊತ್ತಾಗುತ್ತೆ. ಎಂಟರ್ ಕೊಡಿ."

ಪುಟ ತೆರೆದುಕೊಂಡಿತು. ಬಾಣವಿಲ್ಲ, ಎರಡು ಸಲ ಒತ್ತುವ ಗೋಜಿಲ್ಲ. ಕೈ ಕೀಬೋರ್ಡು ಬಿಟ್ಟು ಅಲ್ಲಾಡಿರಲೂ ಇಲ್ಲ. ಯಶೋಧರಾ ಒಂದೊಂದೇ ಹೇಳಿಕೊಟ್ಟಳು. ಬೇಡದ್ದು ಮೊದಲು ಬಂದರೆ ಕೆಳಬಾಣದ ಕೀ ಒತ್ತಿ ಬೇಕಾದ್ದನ್ನು ಆರಿಸಬೇಕು. ಒಂದೆರಡು ಸಲ ಹಾಗೆ ಆರಿಸಿದರೆ ಮುಂದೆ ಅದೇ ಮೊದಲು ಬರುತ್ತದೆ. ಅಂಗಡಿಯ ಫೋಲ್ಡರುಗಳನ್ನೆಲ್ಲ ಅದಕ್ಕೆ ಪರಿಚಯ ಮಾಡಿಸಿದ್ದಾಗಿದೆ, ಕಕ್ಷಿದಾರರ ಹೆಸರು ಹೊಡೆದರೆ ಅವರ ಫೋಲ್ಡರೇ ತೆರೆಯುತ್ತದೆ.

"ತಪ್ಪು ಒತ್ತಿದರೆ?"

"ಎಸ್ಕೇಪ್. ಪಟ್ಟಿ ಮುಚ್ಚಿಕೊಳ್ಳುತ್ತೆ, ಅಷ್ಟೇ. ಏನೂ ಕೆಡಲ್ಲ."

"ಇದನ್ನ ಎಲ್ಲಿಂದ ತಂದೆ..." ಎಂದವರು ತಡವರಿಸಿ, "ತಂದಿದ್ದು?" ಎಂದು ಮುಗಿಸಿದರು.

"ಇಂಟರ್ನೆಟ್ಟಲ್ಲಿ ಸಿಕ್ತು. ನಿನ್ನೆ ಹುಡುಕಿದೆ. ಆಮೇಲೆ, ಕೇದಾರ್‌ಗೆ ನಾನು ಹೇಳಿದೀನಿ ಮೇಡಂ. ಅವನೇನೂ ಅಂದ್ಕೊಂಡಿಲ್ಲ."

ಅಷ್ಟು ಹೇಳಿ ಎದ್ದುಹೋದಳು. ಚೂಡಾಮಣಿ ತಲೆಯೆತ್ತಲಿಲ್ಲ. ನಿನ್ನೆ ತಾನು ಬಾಯಿ ಮುಚ್ಚಿಕೊಂಡು ಕೂತಿದ್ದಾಗ ಅವಳಿಗೆ ಎಲ್ಲವೂ ಗೊತ್ತಿತ್ತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಬೈಯಲಿಲ್ಲ, ಹುಡುಕಿ ತಂದು ಕಲಿಸಿದಳು.

ಮೊದಮೊದಲು ಎಡವಟ್ಟಾಗದೆ ಇರಲಿಲ್ಲ. ಪಟ್ಟಿ ಮೂಡುವುದಕ್ಕೆ ಮುಂಚೆಯೇ ಬೆರಳು ಓಡಿಬಿಟ್ಟು, ಅಕ್ಷರಗಳೆಲ್ಲ ತೆರೆದಿದ್ದ ಅಫಿಡವಿಟ್ಟಿನ ನಡುವೆ ಉದುರುತ್ತಿದ್ದವು. ಅವಸರದಲ್ಲಿ ಎಂಟರ್ ಒತ್ತಿದರೆ ಕ್ಯಾಲ್ಕುಲೇಟರು ತೆರೆದು ಕೂರುತ್ತಿತ್ತು. "ಚೂರು ಕಾಯಿರಿ ಮೇಡಂ, ನಿಮ್ಮ ಬೆರಳಿಗೆ ಈ ಮಷೀನು ಸಾಲದು" ಎನ್ನುತ್ತಿದ್ದ ಕೇದಾರ್. ಉಸಿರೊಂದು ಎಳೆದು ಬಿಡುವಷ್ಟು ತಡೆಯುವುದನ್ನು ಕಲಿತರು. ಕೆಲವು ವಾರಗಳಲ್ಲಿ ಆ ಪಟ್ಟಿಗೂ ಅವರಿಗೂ ಒಗ್ಗಿತು. ನು ಎಂದರೆ ಕನ್ನಡ ಟೈಪಿಂಗಿನ ನುಡಿ ತೆರೆಯುತ್ತಿತ್ತು, ಷ ಎಂದರೆ ಷಡಕ್ಷರಿಯವರ ಫೋಲ್ಡರು. ಹೋಬಳಿಯ ಅರ್ಜಿಗಳಿಂದ ಹಿಡಿದು ಕಾಲೇಜಿನವರ ದಪ್ಪ ಪ್ರಬಂಧಗಳವರೆಗೆ ಎಲ್ಲ ಅವರ ಮೇಜಿಗೇ ಬರತೊಡಗಿದವು. ಕೇದಾರ್ ತನ್ನ ಕಂಪ್ಯೂಟರಿಗೂ ಆ ಪ್ರೋಗ್ರಾಮು ಹಾಕಿಸಿಕೊಂಡು, ಅವರ ಹತ್ತಿರ ಬಂದು ಕೇಳಿ ಕಲಿತ. ಹೊಗಳಿದವರ ಮುಂದೆಲ್ಲ ಚೂಡಾಮಣಿ ಮುದುಡುತ್ತಿದ್ದರು. ಕೆಲಸ ಸಲೀಸಾದಷ್ಟೂ ಒಳಗಿನದು ಬಿಗಿಯಾಗುತ್ತಿತ್ತು. ಆಲ್ಟ್ ಮತ್ತು ಸ್ಪೇಸ್ ಒತ್ತುವಾಗೆಲ್ಲ, ಇದು ಅವಳು ಕೊಟ್ಟದ್ದು ಎಂದು ಹೆಬ್ಬೆರಳಿಗೆ ಗೊತ್ತಾಗುತ್ತಿತ್ತು.

ಹೀಗೆ ವರ್ಷ ಕಳೆದಿರಬೇಕು. ಒಂದು ಮಧ್ಯಾಹ್ನ ಬೆಟ್ಟಮ್ಮ ಅಂಗಡಿಗೆ ಬಂದಳು. ಕೂದಲು ಪೂರ್ತಿ ನರೆತಿತ್ತು, ಕಂಕುಳಲ್ಲಿ ಅವರೆಕಾಯಿಯ ಚೀಲ. ಚೂಡಾಮಣಿಯವರನ್ನು ಕಂಡವಳೇ ಚೀಲ ಕೆಳಗಿಟ್ಟು ಎರಡೂ ಕೈ ಮುಗಿದಳು.

"ಅಯ್ಯೋ, ನೀವಾ! ಮೇಡಮ್ಮಾರು! ನೀವು ಇಲ್ಲೇ ಇದೀರಿ ಅಂತ ಇವ್ಳು ಒಂದ್ ಮಾತೂ ಏಳ್ಲಿಲ್ವಲ್ಲ!"

"ಕೂತ್ಕೊಳಮ್ಮ" ಎಂದರು ಚೂಡಾಮಣಿ, ಕುರ್ಚಿ ಎಳೆದು.

"ನಿಮ್ಮನ್ನ ನಾನು ದಿನಾ ನೆನಸ್ಕತೀನಿ ಕಣವ್ವ. ಒಳಗಡೆ ಪ್ಯಾನ್ ಕೆಳ್ಗೆ ಕೂರುಸ್ಕಂಡು ಕಲಿಸಿದ್ರಂತೆ. ಬಿಸ್ಲು ಅಂದ್ರೆ ಮಜ್ಜಿಗೆ ಕೊಡೋರಂತೆ. ಸಂಜೆ ಬಂದು ಇವ್ಳು ಎಲ್ಲಾನೂ ಏಳೋಳು. ನಮ್ಮಂತೋರ ಮಗಳ್ನ ಅಂಗೆ ಮನೆ ಒಳಿಕ್ಕೆ ಕರ್ಕಂಡು ಕಲಿಸಾರು ಯಾರವ್ವ ಅವ್ರೆ? ಅದ್ನ ನೆನ್ಕಂಡೇ ನಾನು ಮಾರ್ನೆ ದಿನ ಹೊಲ್ದಲ್ಲಿ ಬಗ್ಗೋಳು."

ಚೂಡಾಮಣಿ ಯಶೋಧರಾಳ ಕಡೆ ನೋಡಿದರು. ಅವಳು ಪ್ರಿಂಟರಿಗೆ ಹಾಳೆ ಜೋಡಿಸುತ್ತಿದ್ದಳು. ಬೆನ್ನು ಈ ಕಡೆಗಿತ್ತು. ಬೆಟ್ಟಮ್ಮ ಚೀಲವನ್ನು ಚೂಡಾಮಣಿಯವರ ಮೇಜಿನ ಮೇಲಿಟ್ಟಳು. "ಮಗಳಿಗೆ ಅಂತ ತಂದಿದ್ದೆ. ನಿಮ್ಗೇ ಇರ್ಲಿ. ಸೊಗಡಿನ ಕಾಯಿ." ಚೂಡಾಮಣಿ ಚೀಲದ ಬಾಯಿ ಮಡಿಸಿಟ್ಟರು.

ಬೆಟ್ಟಮ್ಮ ಬಸ್ಸಿಗೆ ಹೊರಟ ಮೇಲೆ, ಕೇದಾರ್ ಕಾಫಿಗೆಂದು ಹೊರಗೆ ಹೋದ ಸಮಯ ನೋಡಿ, ಚೂಡಾಮಣಿ ಎದ್ದು ಯಶೋಧರಾಳ ಮೇಜಿನ ಮುಂದೆ ನಿಂತರು.

"ಗಾಳಿ ಬೆಳಕು ಅಂತ ಹೇಳಿದ್ದು ಸುಳ್ಳು" ಎಂದರು. ಹೇಗೆ ಶುರುಮಾಡಬೇಕೆಂದು ಬಹಳ ದಿನ ಯೋಚಿಸಿದ್ದರೂ ಬಂದದ್ದು ಅಷ್ಟೇ.

ಯಶೋಧರಾ ಪ್ರಿಂಟರು ನಿಲ್ಲಿಸಿದಳು. "ಗೊತ್ತಿತ್ತು ಮೇಡಂ."

"ನಮ್ಮತ್ತೆ ಆವತ್ತು..."

"ಒಂದಿನ ಜೋರು ಮಳೆ ಬಂತು. ನೆನಪಿದೆಯಾ? ಜಗಲಿಗೆ ಎರಚಲು ಹೊಡೀತಿತ್ತು. ನೀವು ಓಡಿ ಬಂದು ಮಷೀನು ಎತ್ಕೊಂಡು ಒಳಗಿಟ್ರಿ. ನನಗೆ, ಇವತ್ತು ಹೋಗು, ನಾಳೆ ಬಾ ಅಂದು ಬಾಗಿಲು ಹಾಕ್ಕೊಂಡ್ರಿ. ಅವತ್ತು ಅತ್ತೆಯವರು ಮನೇಲಿರಲಿಲ್ಲ. ನೀವೊಬ್ರೇ ಇದ್ರಿ."

ಚೂಡಾಮಣಿಗೆ ಅದು ನೆನಪೇ ಇರಲಿಲ್ಲ. ಜಗಲಿಯ ಮೇಜು ನೆನಪಿತ್ತು, ಅತ್ತೆಯ ಮಾತು ನೆನಪಿತ್ತು, ಅದನ್ನು ನೆನೆದು ನೆನೆದು ತಾನು ಬೇಯುತ್ತಿದ್ದೇನೆ ಎಂಬುದೂ ಗೊತ್ತಿತ್ತು. ಆ ಮಳೆ ಮಾತ್ರ ಅವರ ತಲೆಯಲ್ಲಿ ಎಲ್ಲಿಯೂ ಇರಲಿಲ್ಲ. ಎಷ್ಟು ಸಹಜವಾಗಿ ಬಾಗಿಲು ಹಾಕಿಕೊಂಡಿರಬೇಕು ತಾನು! ಕುರ್ಚಿಯ ಹಿಂಬದಿ ಹಿಡಿದುಕೊಂಡರು.

"ತಪ್ಪಾಯ್ತು."

ಯಶೋಧರಾ ಪರವಾಗಿಲ್ಲ ಎನ್ನಲಿಲ್ಲ. "ಕೇಳಿಸ್ಕೊಂಡೆ ಮೇಡಂ" ಎಂದಳು.

"ಹಾಗಿದ್ದೂ ನನ್ನನ್ನ ಯಾಕೆ ಸೇರಿಸ್ಕೊಂಡಿದ್ದು?"

"ನಿಮ್ಮಷ್ಟು ಬೇಗ ಹೊಡೆಯೋರು ಬೇರೆ ಯಾರೂ ಸಿಗಲಿಲ್ಲ." ಅವಳು ಹಾಳೆಗಳನ್ನು ತಟ್ಟಿ ಸಮ ಮಾಡಿದಳು. "ಒಂದು ಮಾತು ನಡೆಸಿಕೊಡಿ. ಅವ್ವಂಗೆ ಮಾತ್ರ ಏನೂ ಹೇಳಬೇಡಿ."

"ಆಕೆ ನನಗೆ ಕೈ ಮುಗಿದರು. ನಾನು ಹೇಗೆ ಆ ಸುಳ್ಳು ಹೊತ್ಕೊಂಡು..."

"ಹೊತ್ಕೊಳಿ ಮೇಡಂ. ಇಷ್ಟು ವರ್ಷ ನಾನೊಬ್ಬಳೇ ಹೊತ್ತಿದೀನಿ. ಅವಳು ಅಷ್ಟೆಲ್ಲ ಕಷ್ಟಪಟ್ಟಿದ್ದಕ್ಕೆ ಅದೊಂದು ನೆಮ್ಮದಿ. ಅದನ್ನ ಕಿತ್ಕೊಂಡು ನೀವು ಹಗುರ ಆಗಬೇಡಿ."

ಕೇದಾರ್ ಕಾಫಿ ಹಿಡಿದು ಒಳಗೆ ಬಂದ. ಮೂವರೂ ಕುಡಿದರು. ಆ ದಿನದಿಂದ ಚೂಡಾಮಣಿ ಅವಳನ್ನು 'ನೀವು' ಎಂದರು.

ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ ಮಲ್ಲಿಪಟ್ಟಣದಲ್ಲಿ ಯಶೋಧರಾ ತಾಯಿಗೆ ತಾರಸಿ ಮನೆ ಕಟ್ಟಿಸಿದಳು. ಗೃಹಪ್ರವೇಶಕ್ಕೆ ಬೆಟ್ಟಮ್ಮನೇ ಅಂಗಡಿಗೆ ಬಂದು ಕರೆದಳು. "ನೀವು ಬರ್ದೆ ಓದ್ರೆ ನಾನು ಬಾಗ್ಲೇ ತೆಗ್ಯಲ್ಲ ಕಣವ್ವ." ಚೂಡಾಮಣಿ ಹೋದರು. ಗಂಡ ಪಟ್ಟಾಭಿರಾಮರೂ ಜೊತೆಗೆ ಬಂದರು, ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತ.

ಬುದ್ಧವಂದನೆ ಮುಗಿದಿತ್ತು. ಅಂಗಳದ ತುಂಬ ಜನ. ಬೆಟ್ಟಮ್ಮ ಚೂಡಾಮಣಿಯವರ ಕೈ ಹಿಡಿದು ನಡುಮನೆಗೆ ಕರೆದೊಯ್ದು ಹೊಸ ಕುರ್ಚಿಯಲ್ಲಿ ಕೂರಿಸಿದಳು. ಬಂದ ಹೆಂಗಸರಿಗೆಲ್ಲ ತೋರಿಸಿದಳು. "ಇವ್ರೇ ಕಣ್ರವ್ವ ಮೇಡಮ್ಮಾರು. ನನ್ ಮಗಳ್ನ ಸ್ವಂತ ಮಗಳಂಗೆ ನೋಡ್ಕಂಡೋರು." ಹೆಂಗಸರು ಹತ್ತಿರ ಬಂದು ನಮಸ್ಕಾರ ಮಾಡಿದರು. ಒಬ್ಬಾಕೆ ತನ್ನ ಮೊಮ್ಮಗಳನ್ನು ಮುಂದೆ ತಳ್ಳಿ, "ಇವ್ಳ ತಲೆ ಮೇಲೂ ಕೈ ಇಕ್ಕಿ" ಎಂದಳು.

ಚೂಡಾಮಣಿ ಕೈ ಇಟ್ಟರು.

ಊಟಕ್ಕೆ ಎಲೆ ಹಾಕಿದಾಗ ಅವರು ಸಾಲಿನ ನಡುವೆ, ಎಲ್ಲರ ಜೊತೆ ಕೂತರು. ಬಡಿಸುತ್ತ ಬಂದ ಯಶೋಧರಾ ಅವರ ಎಲೆಯ ಮುಂದೆ ಬಗ್ಗಿ, "ಅನ್ನ ಹಾಕ್ಲಾ ಮೇಡಂ?" ಎಂದಳು. ಆ ಮಾತಿನಲ್ಲಿ ಯಾವ ಕೊಂಕೂ ಇರಲಿಲ್ಲ, ಯಾವ ಸಲಿಗೆಯೂ ಇರಲಿಲ್ಲ. ಚೂಡಾಮಣಿ ತಲೆಯಾಡಿಸಿದರು. ಬೆಟ್ಟಮ್ಮ ಪಕ್ಕದಲ್ಲಿ ನಿಂತು ಇನ್ನೂ ಯಾರಿಗೋ ಅದೇ ಕಥೆ ಹೇಳುತ್ತಿದ್ದಳು. ಫ್ಯಾನು, ಮಜ್ಜಿಗೆ, ಎಲ್ಲವೂ ಮೊದಲಿಗಿಂತ ದೊಡ್ಡದಾಗಿ ಬರುತ್ತಿದ್ದವು. ಚೂಡಾಮಣಿ ಎಲೆಯಿಂದ ಕಣ್ಣೆತ್ತದೆ ಅಷ್ಟನ್ನೂ ಕೇಳುತ್ತ, ಬಡಿಸಿದ್ದನ್ನೆಲ್ಲ ಊಟ ಮಾಡಿದರು.